ಹಾಡಿನ ಹದ

ಹುಳಿ ಮಾಡುವವರು ಒಲೆಯ ಬಳಿಯೇ ನಿಂತು ರುಚಿ ನೋಡುತ್ತಾರೆ. ಅಂಗೈ ಮೇಲೆ ಎರಡು ಹನಿ ಬಿಟ್ಟುಕೊಂಡು ನಾಲಗೆಗೆ ತಾಗಿಸಿ, “ಇನ್ನೊಂದು ಚೂರು ಉಪ್ಪು ಹಿಡಿಯುತ್ತೆ” ಎನ್ನುತ್ತಾರೆ. ಬರಿಯ ಹುಳಿಗೆ ಸರಿಹೋದ ಉಪ್ಪು ಅನ್ನ ಕಲೆಸಿದ ಮೇಲೆ ಸಾಲದು ಎಂಬುದು ಕೈ ಪಳಗಿದವರಿಗೆ ಗೊತ್ತು. ಆದ್ದರಿಂದ ಅವರು ನಾಲಗೆಯ ಮೇಲೆ ಒಂದು ರುಚಿ, ಮನಸ್ಸಿನಲ್ಲಿ ಇನ್ನೊಂದು ರುಚಿ ಇಟ್ಟುಕೊಂಡು ಹದ ಹಾಕುತ್ತಾರೆ. ಒಲೆಯ ಮುಂದೆ ನಿಂತಿದ್ದರೂ ಅವರ ಗಮನವೆಲ್ಲ ಎಲೆಯ ಮುಂದೆ ಕುಳಿತವರ ಕಡೆಗೆ.

ಹಾಡನ್ನು ಧ್ವನಿಮುದ್ರಿಸಿ ಅದರ ಭಾಗಗಳನ್ನು ಒಂದುಗೂಡಿಸುವ ಕೆಲಸವೂ ಇಂಥದೇ. ಕಸಬಿನವರು ಇದನ್ನು ಮಿಕ್ಸಿಂಗ್ ಎನ್ನುತ್ತಾರೆ. ಇಂದು ಒಂದು ಭಾವಗೀತೆ ಸಿದ್ಧವಾಗುವ ಬಗೆ ಹೀಗೆ: ತಬಲದವರು ಸೋಮವಾರ ಬಂದು ನುಡಿಸಿ ಹೋಗುತ್ತಾರೆ, ಕೊಳಲಿನವರು ತಮ್ಮ ಮನೆಯಲ್ಲೇ ನುಡಿಸಿ ಕಳುಹಿಸುತ್ತಾರೆ, ಗಾಯಕಿ ಶನಿವಾರ ಬಿಡುವು ಮಾಡಿಕೊಂಡು ಬಂದು ಹಾಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಇವೆಲ್ಲ ಬೇರೆ ಬೇರೆ ಟ್ರ್ಯಾಕುಗಳಾಗಿ ಗಣಕಯಂತ್ರದಲ್ಲಿ ಕುಳಿತಿರುತ್ತವೆ. ಯಾವುದು ಎಷ್ಟು ಕೇಳಬೇಕು, ಯಾವುದು ಹತ್ತಿರ, ಯಾವುದು ದೂರ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಗೊತ್ತುಮಾಡಿ ಒಂದು ಹಾಡು ಮಾಡುವವನು ಮಿಕ್ಸಿಂಗ್ ಮಾಡುವವನು. ಕುಮಾರಸ್ವಾಮಿ ಲೇಔಟಿನಲ್ಲಿ, ನಮ್ಮ ಮನೆಯ ಮಹಡಿಯ ಮೇಲಿನ ಒಂದು ಚಿಕ್ಕ ಕೋಣೆಯಲ್ಲಿ, ನಾನು ಮಾಡುತ್ತಿರುವುದು ಈ ಕೆಲಸ. ಇದರಲ್ಲಿ ನಾನೊಮ್ಮೆ ಮುಗ್ಗರಿಸಿದ ಕತೆಯನ್ನು ಹೇಳಬೇಕೆಂದಿದ್ದೇನೆ. ಅದಕ್ಕೆ ಮೊದಲು ಹಿಂದಿನವರು ಈ ಹದವನ್ನು ಹೇಗೆ ಸಾಧಿಸುತ್ತಿದ್ದರೆಂದು ನೋಡೋಣ.

ನಮ್ಮ ದೇಶದಲ್ಲಿ ಗ್ರಾಮಫೋನಿಗೆ ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರು ಹಾಡಿದಾಗ ಮೈಕು ಎಂಬುದೇ ಬಳಕೆಯಲ್ಲಿರಲಿಲ್ಲ. ಒಂದು ದೊಡ್ಡ ತುತ್ತೂರಿಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದಲ್ಲಿ ಗೆರೆ ಕೊರೆಯಬೇಕು. ಪಕ್ಕವಾದ್ಯದವರು ಎಷ್ಟು ದೂರ ಕುಳಿತಿದ್ದಾರೆ ಎಂಬುದೇ ಅಂದಿನ ಮಿಕ್ಸಿಂಗ್. 1925ರ ಸುಮಾರಿಗೆ ವಿದ್ಯುತ್ ಮೈಕು ಬಂದಿತು. ಆಮೇಲೂ ಬಹಳ ಕಾಲ ಇಡೀ ಮೇಳಕ್ಕೆ ಒಂದೆರಡೇ ಮೈಕು. ನಮ್ಮ ಹಳೆಯ ಚಿತ್ರಗೀತೆಗಳು ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾಗುತ್ತಿದ್ದಾಗ, ಪಿಟೀಲು ಹೆಚ್ಚಾಯಿತೆಂದರೆ ಪಿಟೀಲಿನವರನ್ನೇ ಎರಡು ಹೆಜ್ಜೆ ಹಿಂದಕ್ಕೆ ಕೂರಿಸುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. 1980ರ ದಶಕದಲ್ಲಿ ಶಂಕರ್ ನಾಗ್ ಮತ್ತು ಅನಂತ್ ನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ತೆರೆದ ಮೇಲೆ, ಹಾಡಿನ ಮುದ್ರಣಕ್ಕೆ ಮದರಾಸಿನ ರೈಲು ಹತ್ತುವ ಅಗತ್ಯ ಕಡಮೆಯಾಯಿತು.

ಕೇಳುವವರನ್ನು ನೆನೆದು ದನಿಯ ಹದ ಮಾಡಿದ ಬಹು ದೊಡ್ಡ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು ಧ್ವನಿವರ್ಧಕ ಇನ್ನೂ ಸಾಮಾನ್ಯವಾಗದಿದ್ದ ಕಾಲದಲ್ಲಿ ದೊಡ್ಡ ದೊಡ್ಡ ವಿದ್ವಾಂಸರಿಗೆ ಪಕ್ಕವಾದ್ಯ ನುಡಿಸುತ್ತಿದ್ದರು. ಸಭೆಯ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಅದಕ್ಕೆ ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನು ಮೂರು ತಂತಿ ಸೇರಿಸಿ ಏಳು ತಂತಿಯ ವಾದ್ಯ ಮಾಡಿಕೊಂಡರು. ಮುಂದಿನ ಸಾಲಿನ ಪಂಡಿತರಿಗೆ ಅದರ ಅಗತ್ಯವಿರಲಿಲ್ಲ. ಕಂಬದ ಮರೆಯಲ್ಲಿ ಕುಳಿತ ಸಾಮಾನ್ಯ ರಸಿಕನಿಗೆ ಕೇಳಲೆಂದು ಒಬ್ಬ ವಿದ್ವಾಂಸ ತನ್ನ ವಾದ್ಯವನ್ನೇ ತಿದ್ದಿದ. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದ್ದಾರೆ. ಮಿಕ್ಸಿಂಗ್ ಕೆಲಸದವರು ಅದರ ಮುಂದೆ ಹಾಯುವಾಗ ಒಂದು ನಮಸ್ಕಾರ ಹಾಕುವುದು ನ್ಯಾಯ.

ಇನ್ನು ನನ್ನ ಕತೆ. ಹೊಸ ಕವಿಯೊಬ್ಬರ ಮಳೆಯ ಗೀತೆಯೊಂದನ್ನು ಹದ ಮಾಡುವ ಕೆಲಸ ನನಗೆ ಬಂದಿತ್ತು. ಒಳ್ಳೆಯ ಗಾಯಕಿ, ಒಳ್ಳೆಯ ಕೊಳಲು. ಮಳೆಯ ಭಾವ ಬರಲೆಂದು ಸಂಗೀತ ನಿರ್ದೇಶಕರು ಗಿಲಕಿಯಂಥ ಒಂದು ವಾದ್ಯವನ್ನು ಉದ್ದಕ್ಕೂ ‘ಚ್ಸ್ ಚ್ಸ್’ ಎಂದು ಆಡಿಸಿದ್ದರು. ನಾನು ನಾಲ್ಕು ದಿನ ಕುಳಿತು, ದನಿಗೆ ದೇವಸ್ಥಾನದ ಪ್ರಾಕಾರದಲ್ಲಿ ಹಾಡಿದಂಥ ಅನುರಣನ ಕೊಟ್ಟು, ಎಲ್ಲವನ್ನೂ ಮೆರುಗು ಹಾಕಿ ಮುಗಿಸಿದೆ. ನನ್ನ ಕೋಣೆಯ ದೊಡ್ಡ ಸ್ಪೀಕರುಗಳಲ್ಲಿ ಕೇಳಿದರೆ ಮಳೆಯಲ್ಲೇ ನಿಂತಂತಿತ್ತು. ಹಿಗ್ಗಿನಿಂದ ಕೆಳಗಿಳಿದು ಬಂದು, ಅಡಿಗೆಮನೆಯ ಕಟ್ಟೆಯ ಮೇಲಿನ ಚಿಕ್ಕ ಸ್ಪೀಕರಿನಲ್ಲಿ ಅದನ್ನು ಹಾಕಿದೆ. ನಮ್ಮ ಸೋದರತ್ತೆ ಹುರುಳಿಕಾಯಿ ಸೋಸುತ್ತಿದ್ದರು. ಅವರಿಗೆ ಎಪ್ಪತ್ತೆಂಟು ವರ್ಷ. ಬಾನುಲಿಯ ಭಾವಗೀತೆ ಕೇಳಿಕೊಂಡೇ ಬೆಳೆದವರು.

ಹಾಡು ಮುಗಿಯಿತು. ಅತ್ತೆ ತಲೆಯೆತ್ತಿ, “ಅಲ್ಲ ಕಣೋ, ಕೋಣೆಯೊಳಗೆ ಕೂತು ನೆನೆದಳು ಅಂತಾಳಲ್ಲ, ಪಾಪ, ಅವರ ಮನೆ ಸೂರು ಸೋರುತ್ತಿತ್ತೇನೋ?” ಎಂದರು.

ಕವಿ ಬರೆದಿದ್ದ ಪದ ‘ಸೋನೆ’. ಸೋನೆಮಳೆ. ಅತ್ತೆಗೆ ಕೇಳಿಸಿದ್ದು ‘ಕೋಣೆ’. ನನಗೆ ನಗುವೂ ಬಂತು, ಒಳಗೊಳಗೆ ಸಿಟ್ಟೂ ಬಂತು. “ಅತ್ತೆ, ಈ ಸ್ಪೀಕರು ಚಿಕ್ಕದು, ನಿಮ್ಮ ಕಿವಿಯೂ ಕೊಂಚ ಮಂದ” ಎಂದೆ. ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತ, “ಇರಬಹುದಪ್ಪ. ಆದರೆ ಕಾಳಿಂಗರಾಯರು ಹಾಡಿದ್ದು ನನಗೆ ಈಗಲೂ ಒಂದಕ್ಷರ ಬಿಡದೆ ಕೇಳುತ್ತೆ” ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಿ. ಕಾಳಿಂಗರಾಯರು ಕನ್ನಡದ ಕವಿತೆಯನ್ನು ಪುಸ್ತಕದಿಂದ ತೆಗೆದು ಜನರ ಬಾಯಲ್ಲಿ ಇಟ್ಟವರು. ಅವರ ಹಿಂದೆ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಬಂದರು. ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದು ಮನೆಮನೆಗೆ ಹೋಯಿತು. ಇವರೆಲ್ಲರ ಹಾಡಿನಲ್ಲಿ ಪದವೇ ಯಜಮಾನ, ರಾಗ ಅದರ ಸಂಗಾತಿ. ಪದವೇ ಕೇಳದ ಭಾವಗೀತೆ ಎಂದರೆ ಸಹಿ ಇಲ್ಲದ ಪತ್ರವಿದ್ದಂತೆ. ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಮೇಲಕ್ಕೆ ಹೋದೆ. ಹುಡುಕಿ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಅಕ್ಷರಗಳ ಸ್ವಭಾವ. ಸ್ವರಾಕ್ಷರಗಳು ಬಲಶಾಲಿಗಳು. ಆ, ಓ, ಏ ಎಂಬವು ಮಂದ್ರ ಮತ್ತು ಮಧ್ಯದ ಕಂಪನಗಳಲ್ಲಿ ತುಂಬಿಕೊಂಡು ದೂರದವರೆಗೆ ಹೋಗುತ್ತವೆ. ವ್ಯಂಜನಗಳು ಸಣ್ಣ ಕಸುಬಿನವರು. ಕ್ಷಣಮಾತ್ರ ಬಂದು ಹೋಗುತ್ತವೆ. ಅದರಲ್ಲೂ ಸಕಾರ ಶಕಾರಗಳು ಬರಿಯ ಗಾಳಿಯ ಸದ್ದು. ಸಕಾರದ ಸತ್ತ್ವ ಬಹುಮಟ್ಟಿಗೆ ಸೆಕೆಂಡಿಗೆ 4,000ಕ್ಕೂ ಮೇಲ್ಪಟ್ಟ ಕಂಪನಗಳಲ್ಲಿದೆ. ಆದರೆ ಪದಕ್ಕೆ ಅರ್ಥ ಕೊಡುವವು ಈ ಬಡ ವ್ಯಂಜನಗಳೇ. ಸಾಲು, ಕಾಲು, ಹಾಲು, ಪಾಲು: ಈ ನಾಲ್ಕು ಮಾತುಗಳನ್ನು ಬೇರೆಮಾಡುವುದು ಮೊದಲ ವ್ಯಂಜನ ಮಾತ್ರ. ಅದು ಮುಳುಗಿತೆಂದರೆ ನಾಲ್ಕೂ ‘ಆಲು’ ಆಗುತ್ತವೆ. ಉಳಿದದ್ದನ್ನು ಕೇಳುವವರು ಊಹಿಸಿಕೊಳ್ಳಬೇಕು. ನಮ್ಮತ್ತೆ ಊಹಿಸಿಕೊಂಡರು.

ಎರಡನೆಯದು, ಒಂದು ಸದ್ದು ಇನ್ನೊಂದನ್ನು ಮುಚ್ಚುವ ರೀತಿ. ಒಂದೇ ಎತ್ತರದ ಕಂಪನಗಳಲ್ಲಿ ಎರಡು ಸದ್ದು ಕೂಡಿದರೆ ಬಲವಾದದ್ದು ಬಲಹೀನವಾದದ್ದನ್ನು ನುಂಗುತ್ತದೆ. ನನ್ನ ಗಿಲಕಿಯ ‘ಚ್ಸ್ ಚ್ಸ್’ ಇದ್ದದ್ದು ಸರಿಯಾಗಿ ಸಕಾರದ ಜಾಗದಲ್ಲಿ. ಗಾಯಕಿ ‘ಸೋ’ ಎನ್ನುವಾಗಲೇ ಗಿಲಕಿಯೂ ಬಿದ್ದು ‘ಸ’ ಮಾಯವಾಗಿ ‘ಓ’ ಉಳಿಯುತ್ತಿತ್ತು. ಅದರ ಮೇಲೆ ನಾನು ಕೊಟ್ಟ ಅನುರಣನ. ಹಿಂದಿನ ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬೀಳುತ್ತಿತ್ತು. ಮಾತಿಗೆ ಮಾತಿನ ನಡುವೆ ಮೌನದ ಕಿಂಡಿಗಳಿದ್ದರೆ ತಾನೆ ವ್ಯಂಜನ ಕಾಣುವುದು? ಆ ಕಿಂಡಿಗಳನ್ನೆಲ್ಲ ನಾನು ಸುಣ್ಣ ಹಚ್ಚಿ ಮುಚ್ಚಿದ್ದೆ.

ಮೂರನೆಯದು, ವಯಸ್ಸು. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಎತ್ತರದ ಕಂಪನಗಳನ್ನು. ಹಿರಿಯರು “ಕೇಳಿಸುತ್ತೆ, ಆದರೆ ಏನು ಹೇಳ್ತಾರೆ ತಿಳಿಯೋದಿಲ್ಲ” ಎನ್ನುವುದು ಇದಕ್ಕೇ. ಸದ್ದು ಬರುತ್ತದೆ, ವ್ಯಂಜನ ಬರುವುದಿಲ್ಲ. ಅವರಿಗೆ ಸದ್ದು ಹೆಚ್ಚು ಮಾಡಿಕೊಟ್ಟರೆ ಸ್ವರಗಳು ಇನ್ನೂ ಅಬ್ಬರಿಸುತ್ತವೆ, ಅಷ್ಟೆ. ಭಾವಗೀತೆಯನ್ನು ಪ್ರೀತಿಯಿಂದ ಕೇಳುವವರಲ್ಲಿ ಎಷ್ಟು ಜನ ಅರುವತ್ತು ದಾಟಿದವರು! ಅವರನ್ನು ಬಿಟ್ಟು ಯಾರಿಗಾಗಿ ಹದ ಮಾಡುವುದು?

ನಾಲ್ಕನೆಯದು, ಕೇಳುವ ಸಾಧನ. ಮಧ್ಯಮ ತರಂಗದ ಬಾನುಲಿಯಲ್ಲಿ ನಮ್ಮ ಭಾಗದಲ್ಲಿ ಒಂದು ನಿಲಯಕ್ಕೂ ಮುಂದಿನದಕ್ಕೂ 9 ಕಿಲೋಹರ್ಟ್ಸ್ ಅಂತರವಷ್ಟೇ. ಆದ್ದರಿಂದ ಸುಮಾರು 4,500 ಕಂಪನಗಳ ಮೇಲಿನ ಸದ್ದು ಅದರಲ್ಲಿ ಸಲೀಸಾಗಿ ಹಾಯುವುದಿಲ್ಲ. ಎಫ್.ಎಂ.ನಲ್ಲಿ 15,000ದವರೆಗೆ ಹಾಯುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನ ಕೊರತೆ ಇದಕ್ಕೆ ತಿರುಗುಮುರುಗು. ಅದರಲ್ಲಿ ಮಂದ್ರವೇ ಇಲ್ಲ. ಮೃದಂಗದ ಎಡಭಾಗದ ಗುಂಕಾರ ಅಲ್ಲಿ ಸತ್ತುಹೋಗಿ ಬಲಭಾಗದ ಟಣತ್ಕಾರ ಮಾತ್ರ ಉಳಿಯುತ್ತದೆ. ಆದರೆ ಕಿವಿಗೆ ಒಂದು ಚಮತ್ಕಾರ ಗೊತ್ತು. ಮೂಲ ಕಂಪನ ಕೇಳದಿದ್ದರೂ ಅದರ ಉಪಸ್ವರಗಳು ಕೇಳಿದರೆ ಸಾಕು, ಮೂಲವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಗಂಡಸಿನ ತಗ್ಗು ದನಿ ಮೊಬೈಲಿನಲ್ಲೂ ಗಂಡಸಿನದೆಂದು ತಿಳಿಯುವುದು ಹಾಗೆ. ಇದನ್ನು ಬಲ್ಲವನು ಎಡಭಾಗದ ಗುಂಕಾರವನ್ನು ಸುಮ್ಮನೆ ಏರಿಸುವ ಬದಲು, ಅದರ ಉಪಸ್ವರಗಳನ್ನು ಒಂದಿಷ್ಟು ಗಟ್ಟಿ ಮಾಡುತ್ತಾನೆ.

ಇನ್ನೊಂದು, ಎಡ ಬಲದ ಮಾತು. ಹೆಡ್‌ಫೋನಿನಲ್ಲಿ ಕೊಳಲು ಎಡಗಡೆ, ವೀಣೆ ಬಲಗಡೆ ಎಂದು ಹಂಚಿದರೆ ಸೊಗಸು. ಆದರೆ ಅಡಿಗೆಮನೆಯ ಸ್ಪೀಕರು ಒಂದೇ. ಎಡಬಲಗಳೆರಡೂ ಅದರಲ್ಲಿ ಕೂಡುತ್ತವೆ. ಕೆಲವು ಸಲ ಒಂದು ಕಡೆಯ ಅಲೆ ಏಳುವಾಗ ಇನ್ನೊಂದು ಕಡೆಯದು ಇಳಿಯುತ್ತಿದ್ದು, ಎರಡೂ ಕೂಡಿದಾಗ ಒಂದನ್ನೊಂದು ಕಳೆದುಕೊಳ್ಳುತ್ತವೆ. ದೊಡ್ಡ ಸ್ಪೀಕರಿನಲ್ಲಿ ವಿಶಾಲವಾಗಿ ಹರಡಿದ್ದ ವಾದ್ಯ ಚಿಕ್ಕದರಲ್ಲಿ ಇಲ್ಲವೇ ಇಲ್ಲ. ಕೂಡಿಸಿ ಕೇಳದೆ ಹಾಡನ್ನು ಕೈಬಿಡುವುದು, ಲೆಕ್ಕವನ್ನು ತಾಳೆ ನೋಡದೆ ಒಪ್ಪಿಸಿದಂತೆ.

ಕೊನೆಯದು, ಸದ್ದಿನ ಪ್ರಮಾಣ. ಸದ್ದು ಕಡಮೆಯಾದಂತೆ ನಮ್ಮ ಕಿವಿ ಮಂದ್ರವನ್ನು ಬಹುಬೇಗ ಕಳೆದುಕೊಳ್ಳುತ್ತದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1933ರಲ್ಲಿ ಅಳೆದು ತೋರಿಸಿದರು. ನಾನು ಮೇಲಿನ ಕೋಣೆಯಲ್ಲಿ ಗೋಡೆ ನಡುಗುವಂತೆ ಹಾಕಿಕೊಂಡು ಹದ ಮಾಡಿದ ಹಾಡು, ಕೆಳಗೆ ಮಗು ಮಲಗಿರುವಾಗ ಮೆಲ್ಲಗೆ ಹಾಕಿದರೆ ಬೇರೆಯದೇ ಹಾಡಾಗಿಬಿಡುತ್ತದೆ.

ನಮ್ಮ ಬಡಾವಣೆಯಲ್ಲಿ ಹಾಡು ಎಲ್ಲೆಲ್ಲಿ ಕೇಳುತ್ತದೆಂದು ನೋಡಬೇಕೆನಿಸಿ, ಒಂದು ದಿನ ನಾನೇ ಹೊರಟೆ. ಬೆಳಿಗ್ಗೆ ಅಡಿಗೆಮನೆ: ಮಿಕ್ಸಿ, ಕುಕ್ಕರಿನ ಸೀಟಿ, ಒಗ್ಗರಣೆಯ ಸಿಡಿತ. ಶಾವಿಗೆ ಮಲ್ಲೇಶ್ವರ ಬೆಟ್ಟದ ಕಾಲೇಜುಗಳಿಗೆ ಹೋಗುವ ಹುಡುಗ ಹುಡುಗಿಯರು: ಕಿವಿಯೊಳಗೆ ತಂತಿಯಿಲ್ಲದ ಗುಂಡಿ, ಎಷ್ಟೋ ಜನರಿಗೆ ಒಂದೇ ಕಿವಿಯಲ್ಲಿ. ಕನಕಪುರ ರಸ್ತೆಯ ಆಟೋ: ಬೆನ್ನ ಹಿಂದೆ ಸ್ಪೀಕರು, ಕಾಲ ಕೆಳಗೆ ಇಂಜಿನ್. 2017ರಲ್ಲಿ ಯಲಚೇನಹಳ್ಳಿಗೆ ಬಂದ ಮೆಟ್ರೋದಲ್ಲಿ ಗಾಲಿಯ ಮೊರೆತ ಹಾಡಿನ ಕೆಳಭಾಗವನ್ನೆಲ್ಲ ತಿಂದುಬಿಡುತ್ತದೆ. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಜೇಬಿನಲ್ಲೇ ಮೊಬೈಲ್ ಹಾಡಿಸುವ ಹಿರಿಯರು. ನನ್ನ ಕೋಣೆಯಂಥ ನಿಶ್ಶಬ್ದವಾದ ಜಾಗ ಆ ಇಡೀ ದಿನದಲ್ಲಿ ಒಂದೂ ಸಿಗಲಿಲ್ಲ.

ಇಂಥ ಗದ್ದಲಕ್ಕೆ ಕೆಲವರು ಕಂಡುಕೊಂಡ ಮದ್ದು ಎಲ್ಲವನ್ನೂ ಅಬ್ಬರ ಮಾಡುವುದು. ಮೆಲುದನಿಯನ್ನು ಏರಿಸಿ, ಏರುದನಿಯನ್ನು ಒತ್ತಿಹಿಡಿದು, ಇಡೀ ಹಾಡನ್ನು ಒಂದೇ ಎತ್ತರದ ಗೋಡೆಯಾಗಿ ಕಟ್ಟುವುದು. ಸ್ವಲ್ಪ ಒತ್ತುವುದು ಅಗತ್ಯವೇ. ಇಲ್ಲವಾದರೆ ಗಾಯಕಿಯ ಪಿಸುಮಾತು ಆಟೋದಲ್ಲಿ ಕೇಳುವುದಿಲ್ಲ. ಅತಿಯಾದರೆ ಹಾಡಿನ ಉಸಿರೇ ನಿಲ್ಲುತ್ತದೆ. ಈಗ ಅದರಿಂದ ಲಾಭವೂ ಇಲ್ಲ. ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲೇ ಎಲ್ಲ ಕಾರ್ಯಕ್ರಮಗಳಿಗೂ ಸರಾಸರಿ ಪ್ರಬಲತೆಯ ಒಂದು ಅಳತೆ ಹಾಕಿಕೊಟ್ಟಿತು. ಅಂತರಜಾಲದಲ್ಲಿ ಹಾಡು ಕೇಳಿಸುವ ದೊಡ್ಡ ಸಂಸ್ಥೆಗಳೂ ಈಗ ಅಬ್ಬರದ ಹಾಡನ್ನು ತಾವೇ ತಗ್ಗಿಸಿ ಎಲ್ಲವನ್ನೂ ಒಂದು ಮಟ್ಟಕ್ಕೆ ತರುತ್ತವೆ. ಕೂಗಿದವನನ್ನು ಕೆಳಗೆ ಕೂರಿಸಿದ ಮೇಲೆ ಅವನಲ್ಲಿ ಉಳಿಯುವುದು ಒಡಕು ದನಿ ಮಾತ್ರ.

ಇದರಲ್ಲಿ ಆರೋಗ್ಯದ ವಿಷಯವೂ ಇದೆ. ಪದ ಕೇಳದಿದ್ದರೆ ಕೇಳುವವರು ಸದ್ದು ಏರಿಸುತ್ತಾರೆ. ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ, ಮಕ್ಕಳಿಗೆ 75 ಡೆಸಿಬೆಲ್, ಇದು ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೊತ್ತುಮಾಡಿದೆ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸುರಕ್ಷಿತವಾದ ಸಮಯ ಅರ್ಧಕ್ಕಿಳಿಯುತ್ತದೆ. ನಾನು ಮುಚ್ಚಿಹಾಕಿದ ಒಂದು ಸಕಾರಕ್ಕಾಗಿ ಮೆಟ್ರೋದಲ್ಲಿ ಕುಳಿತ ಹುಡುಗಿ ಆರು ಡೆಸಿಬೆಲ್ ಏರಿಸಿದಳೆನ್ನಿ. ಅವಳ ಕಿವಿಯ ಖರ್ಚಿನಲ್ಲಿ ನಾನು ನನ್ನ ಮೆರುಗು ಉಳಿಸಿಕೊಂಡಂತಾಯಿತು.

ಹಾಗಾದರೆ ನನ್ನ ಕೋಣೆಯಲ್ಲಿ ನನಗೆ ‘ಸೋನೆ’ ಸ್ಪಷ್ಟವಾಗಿ ಕೇಳಿಸಿತಲ್ಲ, ಅದು ಹೇಗೆ? ದೊಡ್ಡ ಸ್ಪೀಕರಿನ ಮಹಿಮೆ ಸ್ವಲ್ಪ. ಉಳಿದದ್ದೆಲ್ಲ ನನ್ನ ನೆನಪಿನದು. ನಾಲ್ಕು ದಿನದಲ್ಲಿ ನೂರು ಸಲ ಕೇಳಿ ಆ ಗೀತೆ ನನಗೆ ಬಾಯಿಪಾಠವಾಗಿತ್ತು. ಕಿವಿ ಬಿಟ್ಟದ್ದನ್ನು ಮನಸ್ಸು ತುಂಬುತ್ತಿತ್ತು. ನಾನು ಕೇಳುತ್ತಿರಲಿಲ್ಲ, ನೆನೆಯುತ್ತಿದ್ದೆ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದು ಅದಕ್ಕೆ ‘ಆಕಾಶವಾಣಿ’ ಎಂದು ಕರೆದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ನನಗೆ ಆಗ ನೆನಪಾಯಿತು. ಕೇಳುವ ಕೆಲಸದಲ್ಲಿ ಅರ್ಧ ಕಿವಿಯದು, ಅರ್ಧ ಮನಸ್ಸಿನದು. ತನ್ನ ಹಾಡನ್ನು ಮೊದಲ ಸಲ ಕೇಳುವ ಭಾಗ್ಯ ಮಿಕ್ಸಿಂಗ್ ಮಾಡುವವನಿಗೆ ಇಲ್ಲ. ಆ ಭಾಗ್ಯವುಳ್ಳವರನ್ನು ಅವನು ಹುಡುಕಿಕೊಂಡು ಹೋಗಬೇಕು.

ಆದ್ದರಿಂದ ನಾನು ಕೆಲವು ನೇಮಗಳನ್ನು ಇಟ್ಟುಕೊಂಡೆ. ಹಾಡು ಮುಗಿದ ಮೇಲೆ ಸದ್ದನ್ನು ಇನ್ನೇನು ಕೇಳಿಸುವುದಿಲ್ಲ ಎನ್ನುವಷ್ಟು ತಗ್ಗಿಸುತ್ತೇನೆ. ಆಗ ಕೊನೆಯವರೆಗೆ ಉಳಿಯಬೇಕಾದದ್ದು ಪದ. ಬಾಗಿಲು ತೆರೆದಿಟ್ಟು ಹೊರಗಿನ ಮೆಟ್ಟಿಲ ಮೇಲೆ ನಿಂತು ಕೇಳುತ್ತೇನೆ. ಒಂದೇ ಸ್ಪೀಕರಿನಲ್ಲಿ ಕೂಡಿಸಿ ಕೇಳುತ್ತೇನೆ. ಮಿಕ್ಸಿ ಆಡುವಾಗ ಒಮ್ಮೆ ಕೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಗೀತೆಯನ್ನು ಮೊದಲು ಕಂಡಿರದ ಒಬ್ಬರ ಕೈಗೆ ಕಾಗದ ಪೆನ್ಸಿಲು ಕೊಟ್ಟು, ಕೇಳಿಸಿದ್ದನ್ನು ಬರೆಯಿರಿ ಎನ್ನುತ್ತೇನೆ. ಬರೆದದ್ದು ತಪ್ಪಿದ್ದರೆ ತಪ್ಪು ನನ್ನದು.

ಮಳೆಯ ಗೀತೆಯನ್ನು ಮತ್ತೆ ತೆರೆದೆ. ದನಿಯನ್ನು ಏರಿಸಲಿಲ್ಲ. ಏರಿಸಿದ್ದರೆ ಗಾಯಕಿ ವಾದ್ಯಗಳ ಮೇಲೆ ಎಣ್ಣೆಯಂತೆ ತೇಲುತ್ತಿದ್ದರು. ಗಿಲಕಿಯನ್ನು ಪದ ಇರುವಲ್ಲಿ ಬಗ್ಗಿಸಿ ಪದ ಇಲ್ಲದಲ್ಲಿ ಮಾತ್ರ ಬಿಟ್ಟೆ. ಅನುರಣನದ ಬಾಲ ಕತ್ತರಿಸಿದೆ. ಕೊಳಲನ್ನು ಹಾಡಿನ ಕೆಳಗೆ ತಗ್ಗಿಸಿದೆ. ಅರ್ಧ ದಿನದ ಕೆಲಸ, ಅಷ್ಟೆ.

ಅತ್ತೆ ಈ ನಡುವೆ ಹಾಡನ್ನು ಒಮ್ಮೆ ಕೇಳಿಬಿಟ್ಟಿದ್ದರು. ಆದ್ದರಿಂದ ಅವರ ಜೊತೆಗೆ ಪಕ್ಕದ ಮನೆಯ ಹಿರಿಯರೊಬ್ಬರನ್ನೂ ಕೂರಿಸಿ ಬರೆಯಲು ಕೇಳಿದೆ. ಇಬ್ಬರೂ ‘ಸೋನೆ’ ಎಂದೇ ಬರೆದರು. ನಾನು ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಅತ್ತೆ, “ಪದ ಕೇಳಿಸ್ತಪ್ಪ. ಆದರೆ ಆ ಕೊಳಲು ಮೊದಲೇ ಚೆನ್ನಾಗಿತ್ತು. ಅದನ್ನು ಯಾಕೆ ಮೂಲೆಗೆ ಹಾಕಿದೆ?” ಎಂದರು.

ಅವರ ಮಾತು ಸರಿಯಾಗಿತ್ತು. ಮತ್ತೆ ಮೇಲೆ ಹೋಗಿ, ಎರಡು ಚರಣಗಳ ನಡುವೆ ಗಾಯಕಿ ಉಸಿರೆಳೆದುಕೊಳ್ಳುವ ಕಡೆ ಕೊಳಲಿಗೆ ಅದರ ಜಾಗವನ್ನು ಬಿಟ್ಟುಕೊಟ್ಟೆ. ಪಕ್ಕವಾದ್ಯದವರು ತನಿಯ ಹೊತ್ತಿಗೆ ಕಾದು, ಹಾಡುವಾಗ ಹಾಡಿಗೆ ದಾರಿ ಬಿಡುವುದು ನಮ್ಮ ಕಚೇರಿಗಳಲ್ಲಿ ಹಳೆಯ ಪದ್ಧತಿಯೇ. ನಾನು ಅದನ್ನು ಗುಂಡಿಗಳಿಂದ ಮಾಡಿದೆ.

ಕೇಳುಗರಲ್ಲಿ ನನ್ನದೊಂದು ಬಿನ್ನಹ. ಹಾಡಿನ ಮಾತು ತಿಳಿಯದಿದ್ದಾಗ “ನನ್ನ ಕಿವಿ ಸರಿಯಿಲ್ಲ” ಎಂದು ಸುಮ್ಮನಾಗಬೇಡಿ. ನಿಮ್ಮ ಬಾನುಲಿಯನ್ನು ಗೋಡೆಯ ಮೂಲೆಯಿಂದ ಈಚೆಗೆ ತಂದಿಡಿ. ಮೂಲೆಯಲ್ಲಿ ಮಂದ್ರ ಊದಿಕೊಂಡು ಮಾತನ್ನು ಮುಚ್ಚುತ್ತದೆ. ಸ್ಪೀಕರಿನ ಮುಖ ನಿಮ್ಮ ಕಡೆಗಿರಲಿ. ಅಷ್ಟಾದರೂ ತಿಳಿಯದಿದ್ದರೆ ನಿಲಯಕ್ಕೆ ಒಂದು ಕಾಗದ ಬರೆಯಿರಿ: ಇಂಥ ಹಾಡು, ಇಂಥ ಸಾಲು, ನಮಗೆ ಹೀಗೆ ಕೇಳಿಸಿತು ಎಂದು. ಅಂಥ ಒಂದು ಕಾಗದ ನಮ್ಮಂಥವರಿಗೆ ಯಾವ ಯಂತ್ರವೂ ಹೇಳದ ವಿಷಯ ಹೇಳುತ್ತದೆ. ನನಗಂತೂ ಹುರುಳಿಕಾಯಿ ಸೋಸುತ್ತಿದ್ದ ಒಬ್ಬರು ಹೇಳಿದರು. ಇಂದಿಗೂ ಯಾವ ಹಾಡನ್ನೂ ಅವರಿಗೆ ಕೇಳಿಸದೆ ನಾನು ಹೊರಗೆ ಕಳುಹಿಸುವುದಿಲ್ಲ.